ಅರ್ಥ ಗೊತ್ತಿದ್ದರೂ ಆಲ್ದೋ, ಹೌಎವರ್ ಯಾಕೆ ತಪ್ಪುತ್ತವೆ?

ಪ್ರಶ್ನೆ: ಕೆಲಸದಲ್ಲಿ ದಿನಾ ಇಂಗ್ಲಿಷ್ ಮೇಲ್ ಬರೆಯುತ್ತೇನೆ. ಜೊತೆಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೂ ತಯಾರಿ ನಡೆದಿದೆ. ಬಟ್, ಬಿಕಾಸ್, ಆಲ್ದೋ, ಹೌಎವರ್, ಡಿಸ್ಪೈಟ್ ಎಲ್ಲದರ ಅರ್ಥವೂ ನನಗೆ ಗೊತ್ತು. ಆದರೂ ನನ್ನ ಬರಹ ತಿದ್ದುವವರು ಈ ಪದಗಳಿಗೇ ಗೆರೆ ಎಳೆಯುತ್ತಾರೆ. ಮೊನ್ನೆ ಬರೆದ ಮೇಲ್ ಒಂದನ್ನು ಕೆಳಗೆ ಕೊಟ್ಟಿದ್ದೇನೆ. ಇದರಲ್ಲಿ ತಪ್ಪೇನು? ಇನ್ನೊಂದು, ಆಂಡ್, ಬಟ್‌ನಿಂದ ವಾಕ್ಯ ಶುರು ಮಾಡಲೇಬಾರದಾ? ಪ್ರಬಂಧದಲ್ಲಿ ಇಂಥ ಪದಗಳನ್ನು ಎಷ್ಟು ಹಾಕಬೇಕು?

"ಆಲ್ದೋ ದ ರಿಪೋರ್ಟ್ ವಾಸ್ ರೆಡಿ, ಬಟ್ ಐ ಕುಡ್ ನಾಟ್ ಸೆಂಡ್ ಇಟ್. ಬಿಕಾಸ್ ದಿ ಇಂಟರ್ನೆಟ್ ವಾಸ್ ಡೌನ್. ಐ ಟ್ರೈಡ್ ಮೆನಿ ಟೈಮ್ಸ್, ಹೌಎವರ್ ಇಟ್ ಡಿಡ್ ನಾಟ್ ವರ್ಕ್. ಮೋರ್‌ಓವರ್ ದ ಮ್ಯಾನೇಜರ್ ವಾಸ್ ಆನ್ ಲೀವ್, ದೇರ್‌ಫೋರ್ ನೋಬಡಿ ಅಪ್ರೂವ್ಡ್ ಇಟ್. ಡಿಸ್ಪೈಟ್ ಆಫ್ ದೀಸ್ ಪ್ರಾಬ್ಲಮ್ಸ್, ಐ ಹ್ಯಾವ್ ಸೆಂಟ್ ಇಟ್ ಅಟ್ ಲಾಸ್ಟ್."

ಉತ್ತರ: ನಿಮ್ಮ ಮೇಲ್ ಓದಿದವರಿಗೆ ವಿಷಯ ಅರ್ಥವಾಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಕಾಗುಣಿತ ಸರಿ ಇದೆ, ಕಾಲವೂ ಸರಿ ಇದೆ. ಎಡವಿರುವುದೆಲ್ಲ ಜೋಡಿಸುವ ಪದಗಳಲ್ಲೇ. ಐದು ವಾಕ್ಯಕ್ಕೆ ಎಂಟು ಜೋಡಿಸುವ ಪದ ಬಂದಿವೆ. ಅರ್ಥ ಗೊತ್ತಿದ್ದೂ ತಪ್ಪುತ್ತಿದೆ ಎಂದಿರಿ. ಹಾಗಾಗಲು ಕಾರಣ ಇಷ್ಟೇ: ಈ ಪದಗಳನ್ನು ನಾವೆಲ್ಲ ಅರ್ಥದ ಪಟ್ಟಿಯಿಂದ ಕಲಿತವರು. 'ಆದರೆ' ಎನ್ನುವುದಕ್ಕೆ ಬಟ್, ಹೌಎವರ್, ಆಲ್ದೋ, ಡಿಸ್ಪೈಟ್ ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆವು. ಆ ನಾಲ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕೊಡುತ್ತವೆ, ನಿಜ. ಆದರೆ ವಾಕ್ಯದಲ್ಲಿ ನಾಲ್ಕಕ್ಕೂ ಬೇರೆ ಬೇರೆ ಜಾಗ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ವ್ಯಾಕರಣ ಕೆಡುತ್ತದೆ. ಹಾಗಾಗಿ ಇನ್ನು ಮೇಲೆ ಹೊಸ ಪದ ಸಿಕ್ಕರೆ ಅರ್ಥದ ಜೊತೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದರ ಮುಂದೆ ಏನು ಬರುತ್ತದೆ, ಹಿಂದೆ ಯಾವ ಚಿಹ್ನೆ ಬರುತ್ತದೆ?

ಜಾಗ ಕಂಡುಹಿಡಿಯಲು ಸುಲಭದ ಒಂದು ಪರೀಕ್ಷೆ ಇದೆ. ಪದವನ್ನು ಸರಿಸಿ ನೋಡಿ.

ಮೊದಲು ಬಟ್. "ದ ರಿಪೋರ್ಟ್ ವಾಸ್ ರೆಡಿ, ಬಟ್ ಐ ಡಿಡ್ ನಾಟ್ ಸೆಂಡ್ ಇಟ್." ಇಲ್ಲಿ ಬಟ್ ಇರುವ ಭಾಗವನ್ನು ಎತ್ತಿ ಮುಂದೆ ಇಡಿ: "ಬಟ್ ಐ ಡಿಡ್ ನಾಟ್ ಸೆಂಡ್ ಇಟ್, ದ ರಿಪೋರ್ಟ್ ವಾಸ್ ರೆಡಿ." ವಾಕ್ಯ ಕುಸಿದುಬಿತ್ತು ಅಲ್ವಾ? ಬಟ್ ಎರಡು ವಾಕ್ಯಗಳ ನಡುವೆ ಮಾತ್ರ ನಿಲ್ಲುವ ಪದ. ಅದು ಜಾಗ ಬಿಟ್ಟು ಕದಲುವುದಿಲ್ಲ. ಆಂಡ್, ಆರ್, ನಾರ್, ಯೆಟ್, ಸೋ, ಮತ್ತು ಕಾರಣ ಹೇಳುವ ಹಳೆಯ ಕಾಲದ ಫಾರ್ ಕೂಡ ಇದೇ ಗುಂಪು. ಒಟ್ಟು ಏಳೇ ಪದ. ಇವು ಎರಡು ಪೂರ್ಣ ವಾಕ್ಯ ಜೋಡಿಸಿದಾಗ ಮುಂಚೆ ಒಂದು ಕಾಮಾ ಹಾಕುವುದು ರೂಢಿ. ವಾಕ್ಯಗಳು ತೀರಾ ಚಿಕ್ಕವಾದರೆ ಕಾಮಾ ಬಿಟ್ಟರೂ ನಡೆಯುತ್ತದೆ.

ಎರಡನೆಯದು ಆಲ್ದೋ. "ಐ ಡಿಡ್ ನಾಟ್ ಸೆಂಡ್ ಇಟ್, ಆಲ್ದೋ ದ ರಿಪೋರ್ಟ್ ವಾಸ್ ರೆಡಿ." ಇದರಲ್ಲಿ ಆಲ್ದೋ ಇರುವ ತುಂಡನ್ನು ಇಡಿಯಾಗಿ ಮುಂದೆ ತನ್ನಿ: "ಆಲ್ದೋ ದ ರಿಪೋರ್ಟ್ ವಾಸ್ ರೆಡಿ, ಐ ಡಿಡ್ ನಾಟ್ ಸೆಂಡ್ ಇಟ್." ಎರಡೂ ಸರಿ. ಅಂದರೆ ಆಲ್ದೋ ತನ್ನ ತುಂಡಿಗೆ ಅಂಟಿಕೊಂಡಿದೆ. ತುಂಡು ಹೋದಲ್ಲಿಗೆ ಅದೂ ಹೋಗುತ್ತದೆ. ಬಿಕಾಸ್, ಇಫ್, ಅನ್‌ಲೆಸ್, ವೆನ್, ವೈಲ್, ಸಿನ್ಸ್, ಅನ್‌ಟಿಲ್, ವೇರ್‌ಆಸ್ ಎಲ್ಲ ಇಂಥವೇ. ಈ ಪದ ಅಂಟಿದ ಕೂಡಲೇ ಆ ತುಂಡು ಒಂಟಿಯಾಗಿ ನಿಲ್ಲುವ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೆ ಆಸರೆಯಾಗಿ ಇನ್ನೊಂದು ಪೂರ್ಣ ವಾಕ್ಯ ಬೇಕೇ ಬೇಕು.

ಮೂರನೆಯದು ಹೌಎವರ್. "ದ ರಿಪೋರ್ಟ್ ವಾಸ್ ರೆಡಿ. ಹೌಎವರ್, ಐ ಡಿಡ್ ನಾಟ್ ಸೆಂಡ್ ಇಟ್." ಇಲ್ಲಿ ಪದ ಒಂದೇ ಓಡಾಡುತ್ತದೆ. "ಐ ಡಿಡ್ ನಾಟ್, ಹೌಎವರ್, ಸೆಂಡ್ ಇಟ್" ಎನ್ನಬಹುದು. "ಐ ಡಿಡ್ ನಾಟ್ ಸೆಂಡ್ ಇಟ್, ಹೌಎವರ್" ಎಂದರೂ ಸರಿ. ಮೂರೂ ಕಡೆ ಅದು ತನ್ನ ವಾಕ್ಯದ ಒಳಗೇ ಇದೆ. ಅದು ಹಿಂದಿನ ವಾಕ್ಯದ ಕಡೆ ಬೆರಳು ತೋರಿಸುತ್ತದೆಯೇ ಹೊರತು ಹೊಲಿಗೆ ಹಾಕುವುದಿಲ್ಲ. ದೇರ್‌ಫೋರ್, ಮೋರ್‌ಓವರ್, ನೆವರ್‌ದಲೆಸ್, ಬಿಸೈಡ್ಸ್, ಅದರ್‌ವೈಸ್, ಮೀನ್‌ವೈಲ್ ಎಲ್ಲ ಇದರ ಬಳಗ.

ನಾಲ್ಕನೆಯದು ಡಿಸ್ಪೈಟ್. ಇದರ ಮುಂದೆ ವಾಕ್ಯ ಬರುವುದೇ ಇಲ್ಲ, ನಾಮಪದ ಬರಬೇಕು. "ಡಿಸ್ಪೈಟ್ ದ ಡಿಲೇ", "ಡಿಸ್ಪೈಟ್ ಟ್ರೈಯಿಂಗ್ ಮೆನಿ ಟೈಮ್ಸ್". ಇನ್ ಸ್ಪೈಟ್ ಆಫ್, ಬಿಕಾಸ್ ಆಫ್, ಡ್ಯೂ ಟು, ಡ್ಯೂರಿಂಗ್ ಇದೇ ಜಾತಿ.

ಈ ನಾಲ್ಕು ಗುಂಪು ತಲೆಯಲ್ಲಿ ಕೂತರೆ ನಿಮ್ಮ ಮೇಲ್ ನೀವೇ ತಿದ್ದಬಹುದು. ಆದರೂ ಒಂದೊಂದೇ ವಾಕ್ಯ ನೋಡೋಣ. ಇವು ನಿಮ್ಮೊಬ್ಬರ ತಪ್ಪಲ್ಲ, ಇಂಗ್ಲಿಷ್ ಕಲಿತು ಬರೆಯುವ ಬಹಳ ಜನರ ತಪ್ಪು.

"ಆಲ್ದೋ... ಬಟ್". ಒಂದೇ ಗಂಟಿಗೆ ಎರಡು ಹಗ್ಗ ಬಿಗಿದ ಹಾಗೆ. ಆಲ್ದೋ ಹಾಕಿದ ಮೇಲೆ ವಿರೋಧದ ಅರ್ಥ ಆಗಲೇ ಬಂದಾಯಿತು. ಮತ್ತೆ ಬಟ್ ಬಂದರೆ ಎರಡು ತುಂಡಿಗೂ ಒಂದೊಂದು ಜೋಡಣೆ ಆಗಿ, ಆಸರೆ ಕೊಡಬೇಕಾದ ಪೂರ್ಣ ವಾಕ್ಯವೇ ಉಳಿಯುವುದಿಲ್ಲ. ಬಿಕಾಸ್ ಜೊತೆ ಸೋ ಬಂದರೂ ಇದೇ ಗತಿ: "ಬಿಕಾಸ್ ಇಟ್ ವಾಸ್ ಲೇಟ್, ಸೋ ವಿ ಸ್ಟಾಪ್ಡ್" ಎಂದು ಬರೆಯಬಾರದು, ಎರಡರಲ್ಲಿ ಒಂದನ್ನು ತೆಗೆಯಬೇಕು. ಈ ಜೋಡಿ ಎಲ್ಲಿಂದ ಬರುತ್ತದೆ ಎನ್ನುವುದು ಮಜವಾದ ಸಂಗತಿ. ಹಿಂದಿಯಲ್ಲಿ 'ಹಾಲಾಂಕಿ' ಬಂದರೆ ಮುಂದೆ 'ಲೇಕಿನ್' ಬರುವುದು ಸಹಜ. ಚೀನೀ ಭಾಷೆಯಲ್ಲೂ ಇಂಥ ಪದಗಳು ಜೋಡಿಯಾಗಿಯೇ ಓಡಾಡುತ್ತವೆ, ಆದ್ದರಿಂದ ಅಲ್ಲಿನ ಕಲಿಯುವವರೂ ಇದೇ ತಪ್ಪು ಮಾಡುತ್ತಾರೆ. ನಾವೂ ಕನ್ನಡದಲ್ಲಿ 'ಒಂದು ವೇಳೆ ತಡವಾದರೆ' ಎನ್ನುತ್ತೇವೆ. 'ಒಂದು ವೇಳೆ'ಯೂ ಇದೆ, 'ರೆ'ಯೂ ಇದೆ. ನಮಗೆ ಅದು ಜಾಸ್ತಿ ಅನ್ನಿಸುವುದೇ ಇಲ್ಲ. ಇಂಗ್ಲಿಷ್ ಮಾತ್ರ ಇದನ್ನು ಒಪ್ಪುವುದಿಲ್ಲ. ಒಂದು ಸಣ್ಣ ವಿನಾಯಿತಿ ಇದೆ: ಆಲ್ದೋ ಜೊತೆ ಎರಡನೇ ತುಂಡಿನಲ್ಲಿ 'ಸ್ಟಿಲ್' ಅಥವಾ 'ಯೆಟ್' ಬಂದರೆ ತಪ್ಪಾಗುವುದಿಲ್ಲ. ಯೆಟ್ ಕೊಂಚ ಹಳೆಯ ಶೈಲಿ, ಸ್ಟಿಲ್ ಇವತ್ತಿಗೂ ಸಲೀಸು.

ಎರಡನೇ ವಾಕ್ಯ, "ಬಿಕಾಸ್ ದಿ ಇಂಟರ್ನೆಟ್ ವಾಸ್ ಡೌನ್." ಕನ್ನಡದಲ್ಲಿ 'ನಾನು ಕಳಿಸಲಿಲ್ಲ. ಯಾಕೆಂದರೆ ಇಂಟರ್ನೆಟ್ ಇರಲಿಲ್ಲ' ಎಂದು ಎರಡು ವಾಕ್ಯ ಮಾಡಿದರೆ ಯಾರೂ ತಪ್ಪು ಎನ್ನುವುದಿಲ್ಲ. ಆ ಅಭ್ಯಾಸವೇ ಇಲ್ಲಿ ಕೈಗೆ ಬಂದಿದೆ. ಬಿಕಾಸ್ ಆಸರೆ ಬೇಡುವ ಗುಂಪಿನದು. ಅದನ್ನು ಫುಲ್‌ಸ್ಟಾಪ್ ಇಟ್ಟು ಕಡಿದರೆ ತುಂಡು ಒಂಟಿಯಾಗುತ್ತದೆ. ಫುಲ್‌ಸ್ಟಾಪ್ ತೆಗೆದು ಹಿಂದಿನ ವಾಕ್ಯಕ್ಕೆ ಸೇರಿಸಿದರೆ ಮುಗಿಯಿತು. ಹಾಗಂತ ಬಿಕಾಸ್‌ನಿಂದ ವಾಕ್ಯ ಶುರುವಾಗಲೇಬಾರದು ಎಂಬ ಮಾತನ್ನು ನಂಬಬೇಡಿ. "ಬಿಕಾಸ್ ದಿ ಇಂಟರ್ನೆಟ್ ವಾಸ್ ಡೌನ್, ಐ ಕುಡ್ ನಾಟ್ ಸೆಂಡ್ ಇಟ್" ಪೂರ್ತಿ ಸರಿಯಾದ ವಾಕ್ಯ. ಆಸರೆ ಆಮೇಲೆ ಬಂದಿದೆ, ಅಷ್ಟೇ. ತುಂಡು ಮೊದಲು ಬಂದಾಗ ನಡುವೆ ಕಾಮಾ ಹಾಕಿ. ಬಿಕಾಸ್, ಇಫ್, ವೆನ್ ತುಂಡುಗಳು ಕೊನೆಗೆ ಬಂದಾಗ ಸಾಮಾನ್ಯವಾಗಿ ಕಾಮಾ ಬೇಡ.

'ಸಾಮಾನ್ಯವಾಗಿ' ಎಂದೆ. ಒಂದು ಕಡೆ ಆ ಕಾಮಾ ಅರ್ಥವನ್ನೇ ಬದಲಿಸುತ್ತದೆ. ಈ ವಾಕ್ಯ ನೋಡಿ: "ಐ ಡಿಡ್ ನಾಟ್ ಲೀವ್ ಬಿಕಾಸ್ ಹಿ ವಾಸ್ ಆಂಗ್ರಿ." ಇದಕ್ಕೆ ಎರಡು ಅರ್ಥ ಇದೆ. ಒಂದು, ಅವನು ಸಿಟ್ಟಾಗಿದ್ದ, ಅದಕ್ಕೇ ನಾನು ಹೊರಡದೆ ಅಲ್ಲೇ ಉಳಿದೆ. ಇನ್ನೊಂದು, ನಾನು ಹೊರಟಿದ್ದೇನೋ ನಿಜ, ಆದರೆ ಅವನು ಸಿಟ್ಟಾದ ಅಂತಲ್ಲ, ಬೇರೆ ಕಾರಣಕ್ಕೆ. ಒಂದರಲ್ಲಿ ಉಳಿದಿದ್ದೇನೆ, ಇನ್ನೊಂದರಲ್ಲಿ ಹೋಗಿದ್ದೇನೆ. ಎಷ್ಟು ವ್ಯತ್ಯಾಸ! ಮೊದಲ ಅರ್ಥ ಬೇಕಿದ್ದರೆ ಬಿಕಾಸ್‌ಗೆ ಮುಂಚೆ ಕಾಮಾ ಹಾಕಿ, ಅಥವಾ ಕಾರಣವನ್ನೇ ಮೊದಲು ತನ್ನಿ. ಎರಡನೇ ಅರ್ಥ ಬೇಕಿದ್ದರೆ ನೇರವಾಗಿ "ಐ ಲೆಫ್ಟ್, ಬಟ್ ನಾಟ್ ಬಿಕಾಸ್ ಹಿ ವಾಸ್ ಆಂಗ್ರಿ" ಎಂದುಬಿಡಿ. 'ನಾಟ್' ಇರುವ ವಾಕ್ಯದ ಬೆನ್ನಿಗೇ ಬಿಕಾಸ್ ಬಂದರೆ ಒಮ್ಮೆ ನಿಂತು ಎರಡೂ ಅರ್ಥ ಓದಿಕೊಳ್ಳಿ. ಕಚೇರಿಯ ಮೇಲ್‌ಗಳಲ್ಲಿ ಇದರಿಂದ ಸುಮ್ನೆ ಗೊಂದಲ ಆಗುವುದುಂಟು.

ಬಿಕಾಸ್ ಬಗ್ಗೆ ಇನ್ನೆರಡು ಮಾತು. "ದ ರೀಸನ್ ಈಸ್ ಬಿಕಾಸ್" ಎಂದು ಮಾತಿನಲ್ಲಿ ಜನ ಹೇಳುತ್ತಾರೆ, ಬರಹದಲ್ಲಿ ಬೇಡ. ರೀಸನ್ ಎಂದ ಮೇಲೆ 'ದಟ್' ಸಾಕು: "ದ ರೀಸನ್ ಈಸ್ ದಟ್ ದ ಸರ್ವರ್ ಫೇಲ್ಡ್." ಎರಡನೆಯದು, ಬಿಕಾಸ್‌ಗೆ ಬದಲಾಗಿ ಸಿನ್ಸ್ ಅಥವಾ ಆಸ್ ಹಾಕುವಾಗ ಹುಷಾರು. "ಸಿನ್ಸ್ ಶಿ ಲೆಫ್ಟ್, ದ ವರ್ಕ್ ಹ್ಯಾಸ್ ಸ್ಲೋಡ್" ಎಂದರೆ ಅವಳು ಹೋದ ಮೇಲಾ, ಹೋದದ್ದರಿಂದಲಾ? ಎರಡೂ ಆಗಬಹುದು. ಕಾರಣ ಹೇಳಬೇಕಾದರೆ ಬಿಕಾಸ್ ಎನ್ನುವುದೇ ವಾಸಿ. ಸಿನ್ಸ್ ಬರೆದರೆ ಹೆಚ್ಚು ಗಂಭೀರ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ.

ಮೂರನೇ ವಾಕ್ಯಕ್ಕೆ ಬರೋಣ. "ಐ ಟ್ರೈಡ್ ಮೆನಿ ಟೈಮ್ಸ್, ಹೌಎವರ್ ಇಟ್ ಡಿಡ್ ನಾಟ್ ವರ್ಕ್." ಇಂಗ್ಲಿಷ್ ತಿದ್ದುವವರ ಕಣ್ಣಿಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುವುದು ಇದು. ಹೌಎವರ್‌ಗೆ ಹೊಲಿಯುವ ಶಕ್ತಿ ಇಲ್ಲ ಎಂದೆನಲ್ಲ. ಹಾಗಾದರೆ ಇಲ್ಲಿ ಎರಡು ಪೂರ್ಣ ವಾಕ್ಯಗಳನ್ನು ಹಿಡಿದಿರುವುದು ಏನು? ಬರೀ ಒಂದು ಕಾಮಾ. ಕಾಮಾಗೆ ಅಷ್ಟು ಬಲ ಇಲ್ಲ. ಹೌಎವರ್‌ಗೆ ಮುಂಚೆ ಫುಲ್‌ಸ್ಟಾಪ್ ಇಡಿ, ಇಲ್ಲವೇ ಸೆಮಿಕೋಲನ್ (;) ಇಡಿ. ಅದರ ನಂತರ ಒಂದು ಕಾಮಾ. ಎರಡು ಪೂರ್ಣ ವಾಕ್ಯಗಳ ನಡುವೆ ಹೌಎವರ್‌ನ ಎರಡು ಕಡೆಯೂ ಕಾಮಾ ಹಾಕಿದರೆ ಇನ್ನೂ ಎಡವಟ್ಟು. "ದ ಟೆಸ್ಟ್ ವಾಸ್ ಲಾಂಗ್, ಹೌಎವರ್, ಐ ಫಿನಿಶ್ಡ್ ಇಟ್" ಎಂದಾಗ ಹೌಎವರ್ ಹಿಂದಿನದಕ್ಕೆ ಸೇರಿದ್ದೋ ಮುಂದಿನದಕ್ಕೋ ಓದುವವರಿಗೆ ಗೊತ್ತಾಗುವುದಿಲ್ಲ. ಸೆಮಿಕೋಲನ್ ಕಂಡರೆ ಹೆದರುವವರು ಫುಲ್‌ಸ್ಟಾಪ್ ಇಡಲಿ. ಯಾರೂ ಅಂಕ ಕಳೆಯುವುದಿಲ್ಲ.

ಹೌಎವರ್ ನಂತರದ ಆ ಕಾಮಾ ಯಾಕೆ ಅಷ್ಟು ಮುಖ್ಯ ಎನ್ನುವುದಕ್ಕೂ ಕಾರಣ ಇದೆ. ಈ ಪದಕ್ಕೆ ಇನ್ನೊಂದು ಕೆಲಸ ಇದೆ. "ಹೌಎವರ್ ಹಾರ್ಡ್ ಐ ಟ್ರೈಡ್, ಇಟ್ ಡಿಡ್ ನಾಟ್ ವರ್ಕ್" ಎಂದರೆ 'ಎಷ್ಟೇ ಪ್ರಯತ್ನಪಟ್ಟರೂ ಆಗಲಿಲ್ಲ' ಎಂದರ್ಥ. ಇಲ್ಲಿ ಅದು 'ಎಷ್ಟೇ' ಆಗಿದೆ, ಕಾಮಾ ಇಲ್ಲದೆ ನೇರ 'ಹಾರ್ಡ್'ಗೆ ಅಂಟಿದೆ. 'ಆದರೆ' ಅರ್ಥದ ಹೌಎವರ್‌ಗೆ ಕಾಮಾ ಇಡದಿದ್ದರೆ ಓದುವವರು ಒಂದು ಕ್ಷಣ 'ಎಷ್ಟೇ' ಎಂದು ಓದಿ, ಮುಂದೆ ಎಡವಿ, ಮತ್ತೆ ಹಿಂದೆ ಬರುತ್ತಾರೆ.

ನಾಲ್ಕನೇ ವಾಕ್ಯದಲ್ಲಿ ದೇರ್‌ಫೋರ್‌ಗೂ ಅದೇ ಕಾಮಾ ತಪ್ಪು. "ಸೋ" ಹಾಕಿದ್ದರೆ ಕಾಮಾ ಸಾಕಿತ್ತು, ಮೇಲ್‌ಗೆ ಸೋ ಚೆನ್ನಾಗಿಯೂ ಒಪ್ಪುತ್ತದೆ. ಮೋರ್‌ಓವರ್ ವಿಷಯ ಬೇರೆ. ಅದು ಕೇವಲ 'ಮತ್ತೆ' ಅಲ್ಲ. ಒಂದು ವಾದ ಮಂಡಿಸಿ, ಅದೇ ದಿಕ್ಕಿನಲ್ಲಿ ಇನ್ನೂ ಬಲವಾದ ಮಾತು ಸೇರಿಸುವಾಗ ಬರುವ ಪದ. ಮ್ಯಾನೇಜರ್ ರಜೆಯಲ್ಲಿದ್ದರು ಎಂದು ಹೇಳಲು ಅಷ್ಟು ದೊಡ್ಡ ಪದ ಬೇಕಾ? "ಆಲ್ಸೋ" ಸಾಕು. ಅದನ್ನು ವಾಕ್ಯದ ಒಳಗೆ, ಕ್ರಿಯಾಪದದ ಹತ್ತಿರ ಇಡಿ: "ದ ಮ್ಯಾನೇಜರ್ ವಾಸ್ ಆಲ್ಸೋ ಆನ್ ಲೀವ್." ಬಿಸೈಡ್ಸ್ ಕೂಡ ಸೇರಿಸುವ ಪದವೇ, ಆದರೆ ಅದು 'ಅಷ್ಟಕ್ಕೂ' ಎನ್ನುವ ಹಾಗೆ, ಸ್ವಲ್ಪ ಸಲಿಗೆಯ ಧಾಟಿ. ಪ್ರಬಂಧದಲ್ಲಿ ಕಡಿಮೆ ಬಳಸಿ.

ಐದನೇ ವಾಕ್ಯ. "ಡಿಸ್ಪೈಟ್ ಆಫ್" ಎನ್ನುವುದು ಇಂಗ್ಲಿಷ್‌ನಲ್ಲಿ ಇಲ್ಲವೇ ಇಲ್ಲ. "ಡಿಸ್ಪೈಟ್" ಒಂದೇ, ಇಲ್ಲವೇ "ಇನ್ ಸ್ಪೈಟ್ ಆಫ್". ಎರಡನ್ನೂ ಕಲಸಿದಾಗ ಈ ಮೂರನೆಯದು ಹುಟ್ಟಿದೆ. ಡಿಸ್ಪೈಟ್ ಮುಂದೆ ವಾಕ್ಯವನ್ನೇ ತರಬೇಕಾದರೆ "ಡಿಸ್ಪೈಟ್ ದ ಫ್ಯಾಕ್ಟ್ ದಟ್" ಎನ್ನಬೇಕು. ಅಷ್ಟು ಉದ್ದ ಬರೆಯುವ ಬದಲು ಆಲ್ದೋ ಹಾಕುವುದು ಜಾಣತನ.

ಇನ್ನು "ಅಟ್ ಲಾಸ್ಟ್". ಇದನ್ನು ಕೊಂಚ ನಿಧಾನವಾಗಿ ನೋಡಬೇಕು, ಯಾಕೆಂದರೆ 'ಕೊನೆಗೆ' ಎನ್ನುವುದಕ್ಕೆ ಇಂಗ್ಲಿಷ್‌ನಲ್ಲಿ ನಾಲ್ಕು ಬೇರೆ ಬೇರೆ ಮಾತಿವೆ, ನಾವು ನಾಲ್ಕನ್ನೂ ಒಂದೇ ಎಂದುಕೊಂಡು ಬಳಸುತ್ತೇವೆ. ಅಟ್ ಲಾಸ್ಟ್ ಎಂದರೆ ತುಂಬಾ ಕಾದು ಕಾದು ಕೊನೆಗೂ ಆಯಿತು, ಅಬ್ಬಾ ಎನ್ನುವ ನಿಟ್ಟುಸಿರು. ಲಾಸ್ಟ್ಲಿ ಎಂದರೆ ಪಟ್ಟಿಯಲ್ಲಿ ಕೊನೆಯ ಅಂಶ. ಇನ್ ದಿ ಎಂಡ್ ಎಂದರೆ ಏನೇನೋ ಆಗಿ ಅಂತೂ ಫಲ ಹೀಗಾಯಿತು ಎಂಬ ಅರ್ಥ. ಅಟ್ ದಿ ಎಂಡ್ ಎಂದರೆ ಒಂದು ವಸ್ತುವಿನ ಅಥವಾ ಅವಧಿಯ ತುದಿಯಲ್ಲಿ, ಅದಕ್ಕೆ ಮುಂದೆ ಸಾಮಾನ್ಯವಾಗಿ 'ಆಫ್' ಬೇಕು: "ಅಟ್ ದಿ ಎಂಡ್ ಆಫ್ ದ ಮೀಟಿಂಗ್". ಪ್ರಬಂಧದ ಕೊನೆಯ ಪ್ಯಾರಾವನ್ನು ಅಟ್ ಲಾಸ್ಟ್ ಎಂದು ಶುರು ಮಾಡಿದರೆ, 'ಸದ್ಯ, ಬರೆದು ಮುಗಿಸಿದೆ' ಎಂದು ಪರೀಕ್ಷಕರಿಗೆ ಹೇಳಿದ ಹಾಗಾಗುತ್ತದೆ. ಇದೇ ರೀತಿ "ಅಟ್ ಫಸ್ಟ್" ಎಂದರೆ 'ಮೊದಮೊದಲು', ಅಂದರೆ ಆಮೇಲೆ ಬದಲಾಯಿತು ಎಂಬ ಸೂಚನೆ ಅದರಲ್ಲಿದೆ. "ಅಟ್ ಫಸ್ಟ್ ಐ ಲೈಕ್ಡ್ ದ ಜಾಬ್" ಎಂದರೆ ಈಗ ಇಷ್ಟವಿಲ್ಲ ಎಂದೇ ಅರ್ಥ. ಪಟ್ಟಿಯ ಮೊದಲ ಅಂಶಕ್ಕೆ "ಫಸ್ಟ್" ಎಂದಷ್ಟೇ ಬರೆಯಿರಿ. ಈ ಎರಡನ್ನು ಅದಲುಬದಲು ಮಾಡಿದ ಕೆಲಸದ ಅರ್ಜಿ ಹೇಗೆ ಓದಿಸಿಕೊಳ್ಳುತ್ತದೆ ಎಂದು ಊಹಿಸಿ.

ಈಗ ಮೇಲ್ ಪೂರ್ತಿ ಬರೆದರೆ ಹೀಗಾಗುತ್ತದೆ:

"ದ ರಿಪೋರ್ಟ್ ವಾಸ್ ರೆಡಿ, ಬಟ್ ಐ ಕುಡ್ ನಾಟ್ ಸೆಂಡ್ ಇಟ್ ಬಿಕಾಸ್ ದಿ ಇಂಟರ್ನೆಟ್ ವಾಸ್ ಡೌನ್. ದ ಮ್ಯಾನೇಜರ್ ವಾಸ್ ಆಲ್ಸೋ ಆನ್ ಲೀವ್, ಸೋ ನೋಬಡಿ ಕುಡ್ ಅಪ್ರೂವ್ ಇಟ್. ಐ ಹ್ಯಾವ್ ಸೆಂಟ್ ಇಟ್ ನೌ."

ಐದು ವಾಕ್ಯ ಮೂರಾಯಿತು. ಎಂಟು ಜೋಡಿಸುವ ಪದ ನಾಲ್ಕಾಯಿತು, ಎಲ್ಲವೂ ಸಣ್ಣ ಪದಗಳು. 'ಬಹಳ ಸಲ ಪ್ರಯತ್ನಿಸಿದೆ' ಎನ್ನುವುದನ್ನು ಬಿಟ್ಟಿದ್ದೇನೆ, ಮೇಲ್ ಓದುವವರಿಗೆ ಅದರ ಅಗತ್ಯ ಇಲ್ಲ. 'ಈ ತೊಂದರೆಗಳ ನಡುವೆಯೂ' ಎನ್ನುವುದೂ ಬೇಡ, ತೊಂದರೆ ಏನೆಂದು ಅವರು ಆಗಲೇ ಓದಿದ್ದಾರೆ.

ಆಂಡ್, ಬಟ್‌ನಿಂದ ವಾಕ್ಯ ಶುರು ಮಾಡಬಹುದು. ಮಾಡಬಾರದು ಎನ್ನುವ ವ್ಯಾಕರಣ ನಿಯಮ ಇಂಗ್ಲಿಷ್‌ನಲ್ಲಿ ಇಲ್ಲ, ಅದು ಶಾಲೆಯ ಕಟ್ಟುಪಾಡು. 1611ರ ಇಂಗ್ಲಿಷ್ ಬೈಬಲ್ ತೆರೆದರೆ, ಮೊದಲ ಅಧ್ಯಾಯದ 31 ವಚನಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲವೂ ಆಂಡ್‌ನಿಂದಲೇ ಶುರುವಾಗುತ್ತವೆ. ಒಳ್ಳೆಯ ಪತ್ರಿಕೆಗಳ ಸಂಪಾದಕೀಯಗಳಲ್ಲೂ ಬಟ್‌ನಿಂದ ಶುರುವಾಗುವ ವಾಕ್ಯ ಧಾರಾಳ ಸಿಗುತ್ತದೆ. ಆದರೆ ಪರೀಕ್ಷೆಯ ಪ್ರಬಂಧದಲ್ಲಿ ಇದನ್ನು ಅಪರೂಪಕ್ಕೆ ಬಳಸಿ, ತಿದ್ದುವವರು ಯಾವ ಶಾಲೆಯಲ್ಲಿ ಕಲಿತವರೋ ಏನೋ! ಮತ್ತೆ, ಬಟ್‌ನಿಂದ ಶುರು ಮಾಡಿದಾಗ ಅದರ ನಂತರ ಕಾಮಾ ಹಾಕಬೇಡಿ. "ಬಟ್, ಐ ಡಿಸ್‌ಅಗ್ರೀ" ಎನ್ನುವುದು ಹೌಎವರ್‌ನ ಅಭ್ಯಾಸ ಬಟ್‌ಗೆ ಅಂಟಿದ್ದು.

ಎಷ್ಟು ಹಾಕಬೇಕು ಎಂದು ಕೇಳಿದ್ದೀರಿ. ಇದಕ್ಕೆ ಲೆಕ್ಕ ಇಲ್ಲ, ಆದರೆ ಜಾಸ್ತಿ ಹಾಕಿದರೆ ಅಂಕ ಹೋಗುತ್ತದೆ ಎನ್ನುವುದು ಮಾತ್ರ ಖಾತ್ರಿ. ಐಇಎಲ್‌ಟಿಎಸ್ ಬರವಣಿಗೆಯನ್ನು ನಾಲ್ಕು ಅಳತೆಗಳಲ್ಲಿ ತೂಗುತ್ತಾರೆ, ನಾಲ್ಕಕ್ಕೂ ಸಮ ಪಾಲು. ಅದರಲ್ಲಿ ಒಂದು, ವಿಚಾರಗಳ ಸರಣಿ ಮತ್ತು ಜೋಡಣೆ. ಅದರ 5ನೇ ಬ್ಯಾಂಡ್‌ನ, ಅಂದರೆ 5 ಅಂಕದ ಮಟ್ಟದ, ವಿವರಣೆಯಲ್ಲಿ ಜೋಡಿಸುವ ಪದಗಳ ಅತಿಬಳಕೆಯನ್ನೂ ದೋಷವೆಂದೇ ಹೇಳಿದ್ದಾರೆ. ಎಲ್ಲಕ್ಕಿಂತ ಮೇಲಿನ 9ನೇ ಬ್ಯಾಂಡ್‌ಗೆ ಬೇಕಾದದ್ದು ಓದುವವರ ಗಮನಕ್ಕೆ ಬರುವುದೇ ಅಪರೂಪ ಎನ್ನುವಂಥ ಜೋಡಣೆ. ಪ್ರತಿ ವಾಕ್ಯದ ತಲೆಗೂ ಫರ್ದರ್‌ಮೋರ್, ಮೋರ್‌ಓವರ್, ಇನ್ ಅಡಿಷನ್ ಎಂದು ಟೋಪಿ ಇಡುವವರು 250 ಪದಗಳ ಪ್ರಬಂಧದಲ್ಲಿ ತಮ್ಮ ಜಾಗವನ್ನೂ ಕಳೆದುಕೊಳ್ಳುತ್ತಾರೆ, ಅಂಕವನ್ನೂ ಕಳೆದುಕೊಳ್ಳುತ್ತಾರೆ.

ಹಾಗಾದರೆ ಪದ ಇಲ್ಲದೆ ಜೋಡಿಸುವುದು ಹೇಗೆ? ಭಾಷಾವಿಜ್ಞಾನಿಗಳಾದ ಹ್ಯಾಲಿಡೇ ಮತ್ತು ರುಖಯ್ಯಾ ಹಸನ್ 1976ರಲ್ಲಿ ಇಂಗ್ಲಿಷ್ ವಾಕ್ಯಗಳು ಒಂದಕ್ಕೊಂದು ಅಂಟಿಕೊಳ್ಳುವ ಐದು ದಾರಿಗಳನ್ನು ವಿಂಗಡಿಸಿದರು. ಜೋಡಿಸುವ ಪದ ಆ ಐದರಲ್ಲಿ ಒಂದು ಮಾತ್ರ. ಹಿಂದೆ ಹೇಳಿದ್ದನ್ನು ಹಿ, ಇಟ್, ದಿಸ್ ಎಂದು ಸೂಚಿಸುವುದು, ಒಂದರ ಬದಲು ಇನ್ನೊಂದು ಪದ ಇಡುವುದು, ಗೊತ್ತಿರುವುದನ್ನು ಬಿಟ್ಟುಬಿಡುವುದು, ಅದೇ ಅಥವಾ ಹತ್ತಿರದ ಪದವನ್ನು ಮತ್ತೆ ತರುವುದು ಉಳಿದ ನಾಲ್ಕು. ಇವುಗಳಲ್ಲಿ ನಿಮಗೆ ಕೂಡಲೇ ಉಪಯೋಗಕ್ಕೆ ಬರುವುದು 'ದಿಸ್' ಜೊತೆ ಒಂದು ನಾಮಪದ. "ದ ಅಪ್ರೂವಲ್ ಟುಕ್ ತ್ರೀ ವೀಕ್ಸ್. ದಿಸ್ ಡಿಲೇ ಅಪ್‌ಸೆಟ್ ದ ಕ್ಲೈಂಟ್." ಇಲ್ಲಿ ಆಸ್ ಎ ರಿಸಲ್ಟ್ ಎಂದಿಲ್ಲ, ಆದರೂ ಕಾರಣ ಮತ್ತು ಫಲ ಕೈ ಹಿಡಿದು ಬಂದಿವೆ. ಬರೀ "ದಿಸ್ ಅಪ್‌ಸೆಟ್" ಎಂದಿದ್ದರೆ ಅಪ್ರೂವಲ್ ಕೊಟ್ಟಿದ್ದಕ್ಕೋ ತಡವಾಗಿದ್ದಕ್ಕೋ ಎಂಬ ಪ್ರಶ್ನೆ ಉಳಿಯುತ್ತಿತ್ತು. ಬರೆದ ಪ್ಯಾರಾದಿಂದ ಜೋಡಿಸುವ ಪದಗಳನ್ನು ಒಂದೊಂದಾಗಿ ಹೊಡೆದುಹಾಕಿ ಓದಿ ನೋಡಿ. ತೆಗೆದರೂ ಅರ್ಥ ಹಾಗೇ ನಿಂತರೆ ಅದು ಬೇಡದ ಪದ. ತೆಗೆದ ಕೂಡಲೇ ಎರಡು ವಾಕ್ಯಕ್ಕೆ ಸಂಬಂಧ ಕಡಿದರೆ ವಾಪಸ್ ಹಾಕಿ.

ನೀವು ಕೇಳದಿದ್ದರೂ ಇನ್ನು ಕೆಲವನ್ನು ಹೇಳಿಬಿಡುತ್ತೇನೆ, ನಿಮ್ಮ ಮುಂದಿನ ಮೇಲ್‌ಗಳಲ್ಲಿ ಇವೇ ಬರುವುದು.

ಅನ್‌ಲೆಸ್‌ನಲ್ಲಿ 'ಇಲ್ಲದಿದ್ದರೆ' ಅರ್ಥ ಒಳಗೇ ಇದೆ. "ಅನ್‌ಲೆಸ್ ಯು ಡೋಂಟ್ ಸೈನ್" ಎಂದರೆ ಎರಡು ಸಲ 'ಇಲ್ಲ' ಎಂದ ಹಾಗೆ, ಅರ್ಥ ತಲೆಕೆಳಗಾಗುತ್ತದೆ. "ಅನ್‌ಲೆಸ್ ಯು ಸೈನ್" ಎಂದು ಬರೆಯಿರಿ. ಅನ್‌ಟಿಲ್‌ಗೂ ಹೀಗೇ: "ವೇಟ್ ಅನ್‌ಟಿಲ್ ಐ ಕಾಲ್", ಅಲ್ಲಿ 'ಡೋಂಟ್' ಬೇಡ.

ಈವನ್ ದೋ, ಈವನ್ ಇಫ್ ಬೇರೆ ಬೇರೆ. "ಈವನ್ ದೋ ಹಿ ಅಪಾಲಜೈಸ್ಡ್" ಎಂದರೆ ಅವನು ಕ್ಷಮೆ ಕೇಳಿದ್ದಾನೆ. "ಈವನ್ ಇಫ್ ಹಿ ಅಪಾಲಜೈಸಸ್" ಎಂದರೆ ಕೇಳುತ್ತಾನೋ ಇಲ್ಲವೋ ಗೊತ್ತಿಲ್ಲ, ಕೇಳಿದರೂ ಅಷ್ಟೇ. ಕನ್ನಡದ 'ರೂ' ಎರಡಕ್ಕೂ ಆಗುವುದರಿಂದ ನಮಗೆ ಇದು ಕಲಸಿಹೋಗುತ್ತದೆ. ಒಪ್ಪಂದ, ದೂರು ಇಂಥ ಬರಹಗಳಲ್ಲಿ ಈ ವ್ಯತ್ಯಾಸ ಭಾರಿಯಾಗಬಹುದು.

ಸೋ ಮತ್ತು ಸೋ ದಟ್. "ಐ ಸ್ಪೋಕ್ ಸ್ಲೋಲಿ, ಸೋ ದೇ ಅಂಡರ್‌ಸ್ಟುಡ್" ಎಂದರೆ ಫಲ: ಅವರಿಗೆ ಅರ್ಥವಾಯಿತು. "ಐ ಸ್ಪೋಕ್ ಸ್ಲೋಲಿ ಸೋ ದಟ್ ದೇ ಕುಡ್ ಅಂಡರ್‌ಸ್ಟ್ಯಾಂಡ್" ಎಂದರೆ ಉದ್ದೇಶ: ಅರ್ಥವಾಗಲಿ ಅಂತ ಹಾಗೆ ಮಾತಾಡಿದೆ. ಅರ್ಥವಾಯಿತೋ ಇಲ್ಲವೋ ಹೇಳಿಲ್ಲ.

ಆನ್ ದಿ ಅದರ್ ಹ್ಯಾಂಡ್ ಎಂದರೆ ಒಂದೇ ವಿಷಯದ ಇನ್ನೊಂದು ಮಗ್ಗುಲು. ಆನ್ ದ ಕಾಂಟ್ರರಿ ಎಂದರೆ 'ಅದು ಹಾಗಲ್ಲವೇ ಅಲ್ಲ' ಎಂದು ಹಿಂದಿನ ಮಾತನ್ನು ಅಲ್ಲಗಳೆಯುವುದು. ಹೊಸ ಅಂಶ ಸೇರಿಸಲು ಇವೆರಡೂ ಬೇಡ.

"ನೋ ಸೂನರ್" ಬಂದರೆ ಮುಂದೆ "ದ್ಯಾನ್", "ಹಾರ್ಡ್ಲಿ" ಬಂದರೆ "ವೆನ್". ಇವು ಮೇಲ್‌ಗೆ ಅಗತ್ಯವೇ ಇಲ್ಲ, "ಆಸ್ ಸೂನ್ ಆಸ್" ಸಾಕು. "ಆಂಡ್ ಎಟ್‌ಸೆಟ್ರಾ" ಎನ್ನಬೇಡಿ, ಎಟ್‌ಸೆಟ್ರಾದ 'ಎಟ್' ಎಂದರೇ ಲ್ಯಾಟಿನ್‌ನಲ್ಲಿ 'ಮತ್ತು'. "ಸಚ್ ಆಸ್" ಎಂದು ಶುರು ಮಾಡಿದ ಪಟ್ಟಿಗೆ ಕೊನೆಯಲ್ಲಿ ಎಟ್‌ಸೆಟ್ರಾ ಕೂಡ ಬೇಡ, ಅದು ಪೂರ್ತಿ ಪಟ್ಟಿ ಅಲ್ಲ ಎಂದು ಸಚ್ ಆಸ್ ಆಗಲೇ ಹೇಳಿದೆ.

ಆಸ್ ವೆಲ್ ಆಸ್ ಕೂಡ ಆಂಡ್‌ನ ತದ್ರೂಪ ಅಲ್ಲ. "ದಿ ಎಡಿಟರ್ ಆಂಡ್ ದ ರೈಟರ್ಸ್ ಆರ್ ರೆಸ್ಪಾನ್ಸಿಬಲ್" ಸರಿ. "ದಿ ಎಡಿಟರ್, ಆಸ್ ವೆಲ್ ಆಸ್ ದ ರೈಟರ್ಸ್" ಎಂದಾಗ ಮಾತ್ರ "ಈಸ್ ರೆಸ್ಪಾನ್ಸಿಬಲ್" ಎನ್ನಬೇಕು, ಕ್ರಿಯಾಪದ ಎಡಿಟರ್ ಒಬ್ಬರನ್ನೇ ನೋಡುತ್ತದೆ.

ಆರ್ ಅಷ್ಟೊಂದು ಸಣ್ಣ ಪದ, ಅದರಲ್ಲಿ ತಪ್ಪುವುದೇನಿದೆ ಅನ್ನಿಸಬಹುದು. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೈರಿ ಎಂಬ ಕಂಪನಿಯ ಡ್ರೈವರ್‌ಗಳು ಓವರ್‌ಟೈಮ್ ಹಣಕ್ಕಾಗಿ ಕೋರ್ಟಿಗೆ ಹೋದರು. ಯಾವ ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಎಂಬ ಪಟ್ಟಿ ಆ ರಾಜ್ಯದ ಕಾನೂನಿನಲ್ಲಿತ್ತು. ಅದರ ಕೊನೆಯಲ್ಲಿ "ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್" ಎಂದಿತ್ತು. ಆರ್‌ಗೆ ಮುಂಚೆ ಕಾಮಾ ಇರಲಿಲ್ಲ. ಆಗ ಶಿಪ್‌ಮೆಂಟ್‌ಗೋ ಡಿಸ್ಟ್ರಿಬ್ಯೂಷನ್‌ಗೋ ಪ್ಯಾಕ್ ಮಾಡುವುದು ಎಂಬ ಒಂದೇ ಕೆಲಸ ಎಂದೂ ಓದಬಹುದು, ಪ್ಯಾಕಿಂಗ್ ಒಂದು ಮತ್ತು ಡಿಸ್ಟ್ರಿಬ್ಯೂಷನ್ ಇನ್ನೊಂದು ಎಂದೂ ಓದಬಹುದು. ಡ್ರೈವರ್‌ಗಳು ಸಾಗಿಸುವವರು, ಪ್ಯಾಕ್ ಮಾಡುವವರಲ್ಲ. ಮೊದಲ ಓದಿನಂತೆ ಅವರ ಕೆಲಸ ಪಟ್ಟಿಯಲ್ಲೇ ಇಲ್ಲ, ಓವರ್‌ಟೈಮ್ ಕೊಡಲೇಬೇಕು. 2017ರಲ್ಲಿ ಮೇಲ್ಮನವಿ ಕೋರ್ಟು ಡ್ರೈವರ್‌ಗಳ ಪರ ನಿಂತಿತು. 2018ರಲ್ಲಿ ಕಂಪನಿ 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ರಾಜ್ಯದವರು ಆಮೇಲೆ ಆ ಪಟ್ಟಿಯನ್ನು ತಿದ್ದಿ, ಕೆಲಸಗಳ ನಡುವೆ ಸೆಮಿಕೋಲನ್ ಹಾಕಿದರು.

ಕೊನೆಯದಾಗಿ ದೋ. ಇದು ಎರಡು ಗುಂಪಿಗೂ ಸೇರಿದ ಪದ. ವಾಕ್ಯದ ಮೊದಲಿಗೆ ಬಂದರೆ ಆಲ್ದೋ ಹಾಗೆ: "ದೋ ಇಟ್ ವಾಸ್ ಲೇಟ್, ವಿ ಸ್ಟೇಡ್." ವಾಕ್ಯದ ಕೊನೆಗೆ ಬಂದರೆ ಹೌಎವರ್ ಹಾಗೆ: "ಇಟ್ ವಾಸ್ ಲೇಟ್. ವಿ ಸ್ಟೇಡ್, ದೋ." ಆಲ್ದೋವನ್ನು ಹೀಗೆ ಕೊನೆಗೆ ಒಂಟಿಯಾಗಿ ಇಡಲು ಬರುವುದಿಲ್ಲ. ಕೊನೆಯ ದೋ ಮಾತಿನ ಧಾಟಿಯದು. ಸಹೋದ್ಯೋಗಿಗೆ ಬರೆಯುವ ಮೇಲ್‌ನಲ್ಲಿ ಚೆನ್ನಾಗಿರುತ್ತದೆ, ಪರೀಕ್ಷೆಯ ಪ್ರಬಂಧದಲ್ಲಿ ಬೇಡ.